ದೇವಾಪುರ ಕ್ರಾಸಿನ ಕಾರುಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಮುಂದಕ್ಕೆ ಹೋಗಬಾರದೆಂಬುದು ಹಿರಿಯರ ಕಟ್ಟಳೆ. ಈ ಪ್ರಬಂಧದ ವಿಷಯ ಹೊಸ ಕಾರು: ಅದರ ಮೈಲೇಜ್, ಅದರ ಸುರಕ್ಷತೆ, ಅದರ ಮಾಲೀಕನ ತೃಪ್ತಿ. ಪ್ರಯೋಜನವು ಕಾರು ಕೊಂಡವನಿಗೆ ಏನೂ ಇಲ್ಲ, ಕೊಳ್ಳಲಿರುವವನಿಗೆ ಅಲ್ಪ, ಕೊಳ್ಳದೆ ಸಲಹೆ ಕೊಡುವವನಿಗೆ ಅಪಾರ. ಸಂಬಂಧವೆಂದರೆ ಬ್ಯಾಂಕಿಗೂ ಮಾಲೀಕನಿಗೂ ಇರುವಂಥದು. ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು, ದೇವಾಪುರ ಕ್ರಾಸಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತವನು. ಅವನ ಹೆಸರಿನಲ್ಲಿ ಕಾರಿಲ್ಲದಿದ್ದರೆ ಅರ್ಹತೆ ಇನ್ನೂ ಹೆಚ್ಚು. ನಿಷ್ಪಕ್ಷಪಾತ ಬುದ್ಧಿಗೆ ಅದು ಅವಶ್ಯ.

ಕ್ಷೇತ್ರನಿರ್ಣಯ

ಈ ಶಾಸ್ತ್ರ ದೇವಾಪುರದಲ್ಲೇ ಏಕೆ ಹುಟ್ಟಬೇಕಿತ್ತು? ಮನಗೂಳಿಯಿಂದ ಹೊರಟ ರಾಜ್ಯ ಹೆದ್ದಾರಿ 61 ತಾಳಿಕೋಟೆ, ಹುಣಸಗಿ ದಾಟಿ ಬಂದು ಮುಗಿಯುವುದು ಇಲ್ಲಿ. ಒಂದು ಕಡೆ ಸುರಪುರ, ಇನ್ನೊಂದು ಕಡೆ ಕೃಷ್ಣೆಯ ದಂಡೆಯ ತಿಂಥಣಿ. ಹೀಗಾಗಿ ಕೆಎ 28 ವಿಜಯಪುರ, ಕೆಎ 32 ಕಲಬುರಗಿ, ಕೆಎ 33 ಯಾದಗಿರಿ, ಕೆಎ 36 ರಾಯಚೂರು, ಈ ನಾಲ್ಕೂ ಶಾಖೆಗಳ ಗಾಡಿಗಳು ಇಲ್ಲಿ ವೇಗ ಇಳಿಸಲೇಬೇಕು. ವೇಗ ಇಳಿಸಿದ ಗಾಡಿ ಪರೀಕ್ಷೆಗೆ ಸಿಕ್ಕಂತೆಯೇ.

ಪೂರ್ವಸೂರಿಗಳಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಮೊದಲಿಗ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು ಬಂಗಲೆ ಕಟ್ಟಿಸಿದ, ಕಡೆಗಾಲಕ್ಕೆ ಆತ್ಮಕಥೆಯನ್ನೂ ಬರೆದ. ಅದರಲ್ಲಿ ಕಾರಿನ ಪ್ರಸ್ತಾಪವಿಲ್ಲವೆಂದು ಅವನನ್ನು ದೂರುವಂತಿಲ್ಲ. ಅವನು ತೀರಿಕೊಂಡದ್ದು 1876ರಲ್ಲಿ. ಜರ್ಮನಿಯ ಕಾರ್ಲ್ ಬೆಂಜ್ ಪೆಟ್ರೋಲ್ ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಹತ್ತು ವರ್ಷ ತಡೆದಿದ್ದರೆ ನಮಗೊಂದು ಆಕರ ಸಿಗುತ್ತಿತ್ತು.

ಪ್ರಥಮ ಪ್ರಕರಣ: ಮೈಲೇಜ್

ಸೂತ್ರ: ರೋಲರ್ ಮ್ಯಾಲ ಓಡಿದ್ದು ರೋಡಿಗಿ ಬರಂಗಿಲ್ಲ.

ವೃತ್ತಿ: ಹೊಸ ಕಾರು ಕ್ರಾಸಿನಲ್ಲಿ ನಿಂತು, ಅದರ ಹೂವಿನ ಹಾರ ಬಾಡುವ ಮೊದಲೇ, ಬೆಂಚಿನಿಂದ ಪ್ರಶ್ನೆ ಏಳುತ್ತದೆ: “ಎಷ್ಟ್ ಕೊಡ್ತದ್ರೀ ಸಾವ್ಕಾರ್ರ?” ಏನನ್ನು ಕೊಡುತ್ತದೆ, ಯಾರಿಗೆ ಕೊಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಾವ್ಕಾರರು ಕಂಪನಿಯ ಪುಸ್ತಿಕೆಯಲ್ಲಿದ್ದ ಅಂಕಿಯನ್ನು ಪಾಠ ಒಪ್ಪಿಸುತ್ತಾರೆ. ಆ ಅಂಕಿಯ ಮೂಲವನ್ನು ಶೋಧಿಸುವುದು ಇಲ್ಲಿನ ಕೆಲಸ.

ಪುಣೆಯಲ್ಲಿ ಎಆರ್‌ಎಐ ಎಂಬ ಸಂಸ್ಥೆಯಿದೆ, 1966ರಲ್ಲಿ ಹುಟ್ಟಿದ್ದು. ಇಂಥ ಪರೀಕ್ಷಾಲಯದಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಗಾಲಿ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಭಾರತದ ಚಾಲನಾ ಚಕ್ರದ ಪ್ರಕಾರ ಈ ಓಟ 1180 ಸೆಕೆಂಡು ನಡೆಯುತ್ತದೆ, ಇಪ್ಪತ್ತು ನಿಮಿಷಕ್ಕೆ ಇಪ್ಪತ್ತು ಸೆಕೆಂಡು ಕಮ್ಮಿ. ವೇಗ ಗಂಟೆಗೆ 90 ಕಿಲೋಮೀಟರ್ ಮೀರುವಂತಿಲ್ಲ. ಏಸಿ ಬಂದ್. ಎಷ್ಟು ಇಂಧನ ಉರಿಯಿತೆಂಬುದನ್ನು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡುವುದಿಲ್ಲ. ಹೊಗೆಕೊಳವೆಯಿಂದ ಬಂದದ್ದನ್ನು ಚೀಲದಲ್ಲಿ ಹಿಡಿದು, ಅದರಲ್ಲಿರುವ ಇಂಗಾಲದಿಂದ ಲೆಕ್ಕ ಕಟ್ಟುತ್ತಾರೆ.

ಪೂರ್ವಪಕ್ಷ: ಹಾಗಾದರೆ ಆ ಅಂಕಿ ಸುಳ್ಳು.

ಸಿದ್ಧಾಂತ: ಅಲ್ಲ. ಅದು ರೋಲರಿನ ಮಟ್ಟಿಗೆ ಪೂರ್ತಿ ನಿಜ. ಎರಡು ಕಾರುಗಳನ್ನು ಒಂದೇ ಪರೀಕ್ಷೆಗೆ ಒಡ್ಡಿ ಹೋಲಿಸುವುದಕ್ಕೆ ಅದು ಬೇಕೇ ಬೇಕು. ಆದರೆ ಆ ರೋಲರಿನ ಮೇಲೆ ಯಾರೂ ಭತ್ತ ಒಣಹಾಕಿರುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಮೇಲೆ ಈ ಭಾಗದಲ್ಲಿ ಭತ್ತ ಬೆಳೆಯಿತು, ಭತ್ತದ ಜೊತೆಗೆ ಅರ್ಧ ರಸ್ತೆಯೂ ಕಣವಾಯಿತು. ಉಳಿದರ್ಧದಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್, ಅದರ ಹಿಂದೆ ಟಂಟಂ, ಅದರ ಹಿಂದೆ ಎರಡನೇ ಗೇರಿನಲ್ಲಿ ಹೊಸ ಕಾರು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಏಸಿ ಬಂದ್ ಮಾಡಿ ಮೈಲೇಜ್ ಉಳಿಸುವವನು ಯೋಗಿಯೇ ಸರಿ. ಅವನಿಗೆ ಕಾರಿನ ಅಗತ್ಯವೂ ಇರಲಾರದು.

ಇದರ ಮೇಲೆ ಎಥನಾಲ್ ವಿಚಾರ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ಲೀಟರಿಗೆ ಲೀಟರು ತೂಗಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬೆರಕೆಯ ಲೀಟರಿನಲ್ಲಿ ಶೇ. 6ರಿಂದ 7ರಷ್ಟು ಶಕ್ತಿ ಖೋತಾ ಎಂಬುದು ಗುಣಾಕಾರ ಬಲ್ಲವರಿಗೆಲ್ಲ ತಿಳಿಯುತ್ತದೆ. ಬಂಕಿನ ದರಪಟ್ಟಿ ಮಾತ್ರ ಈ ಗುಣಾಕಾರ ಕಲಿತಿಲ್ಲ.

ಪಾಠಾಂತರಗಳು: ಒಂದೇ ಕಾರಿನ ಮೈಲೇಜಿಗೆ ನಾಲ್ಕು ಪಾಠಗಳು ದೊರೆತಿವೆ. ಒಂದು, ಪುಸ್ತಿಕೆಯ ಪಾಠ. ಎರಡು, ಸ್ಟಿಯರಿಂಗ್ ಹಿಂದಿನ ಪರದೆಯ ಪಾಠ. ಮೂರು, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದಾಗ ಬರುವ ಪಾಠ. ನಾಲ್ಕು, ಬೀಗರ ಮುಂದೆ ಹೇಳುವ ಪಾಠ. ಮೂರನೆಯದೇ ಮೂಲಕ್ಕೆ ಹತ್ತಿರ. ಪ್ರಚಾರದಲ್ಲಿರುವುದು ನಾಲ್ಕನೆಯದು. ಕಂಪನಿಯ ಪುಸ್ತಿಕೆಯನ್ನು ಯಾವ ಸಾಹಿತ್ಯ ಪ್ರಕಾರಕ್ಕೆ ಸೇರಿಸಬೇಕೆಂಬ ಬಗ್ಗೆ ಕ್ರಾಸಿನ ವಿದ್ವಾಂಸರಲ್ಲಿ ಒಮ್ಮತವಿದೆ: ಪಕ್ಕದ ಕೊಡೇಕಲ್ಲಿನ ಪರಂಪರೆಯಂತೆ ಅದು ಕಾಲಜ್ಞಾನ. ಮುಂದೆ ಆಗುವುದನ್ನು ಹೇಳುತ್ತದೆ. ಯಾವಾಗ, ಯಾರಿಗೆ ಎಂದು ಕೇಳಬಾರದು.

ದ್ವಿತೀಯ ಪ್ರಕರಣ: ಸುರಕ್ಷತೆ

ಸೂತ್ರ: ಗೊಂಬಿ ಬೆಲ್ಟ್ ಹಾಕ್ಕೊಂಡದ, ಮಂದಿ ಕ್ಲಿಪ್ ಹಾಕ್ಯಾರ.

ವೃತ್ತಿ: 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಕ್ಷತ್ರಶಾಸ್ತ್ರ ದೇಶದಲ್ಲಿ ಜಾರಿಯಲ್ಲಿದೆ. ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರಿನ ತಡೆಗೆ ಗುದ್ದಿಸುತ್ತಾರೆ. ಬದಿಯಿಂದ 50ರ ವೇಗದಲ್ಲಿ ಒಂದು ಗುದ್ದು; ಹೆಚ್ಚು ನಕ್ಷತ್ರ ಬೇಕೆಂದರೆ 29ರ ವೇಗದಲ್ಲಿ ಕಂಬಕ್ಕೆ ಇನ್ನೊಂದು. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಗರಿಷ್ಠ ಐದು ನಕ್ಷತ್ರ. ಈ ನಕ್ಷತ್ರಗಳಿಗೂ ಜಾತಕಕ್ಕೂ ಸಂಬಂಧವಿಲ್ಲವೆಂದು ಎಷ್ಟು ಹೇಳಿದರೂ, ಐದು ನಕ್ಷತ್ರದ ಕಾರು ಕೊಂಡವನ ನಡೆಯಲ್ಲಿ ಗಜಕೇಸರಿ ಯೋಗದ ಲಕ್ಷಣ ಕಾಣುತ್ತದೆ.

ಎದುರಿನ ಗುದ್ದಿನ ಪರೀಕ್ಷೆಗೆ ಮುಂದೆ ಎರಡು ದೊಡ್ಡ ಗೊಂಬೆ, ಹಿಂದೆ ಮಕ್ಕಳ ಸೀಟಿನಲ್ಲಿ ಎರಡು ಚಿಕ್ಕ ಗೊಂಬೆ ಕೂರುತ್ತವೆ. ನಾಲ್ಕೂ ಪಟ್ಟಿ ಕಟ್ಟಿಕೊಂಡಿರುತ್ತವೆ. ಮೌನೇಶ್ವರನ ಜಾತ್ರೆಗೆ ತಿಂಥಣಿಗೆ ಹೊರಟ ಅದೇ ಮಾಡೆಲ್ಲಿನ ಕಾರಿನಲ್ಲಿ ಕೂತವರ ಸಂಖ್ಯೆ ಇಳಿಸುವಾಗಷ್ಟೇ ತಿಳಿಯುತ್ತದೆ. ಮುಂದಿನ ಸೀಟಿನಲ್ಲಿ ಕಾಕಾ, ಕಾಕಾನ ತೊಡೆಯ ಮೇಲೆ ಮೊಮ್ಮಗ, ಅಂದರೆ ಏರ್‌ಬ್ಯಾಗ್ ಸಿಡಿದು ಬರುವ ಜಾಗಕ್ಕೆ ಸರಿಯಾಗಿ. ಗೊಂಬೆಗಳಿಗೆ ಬಂಧುಬಳಗವಿಲ್ಲದ್ದರಿಂದ ಈ ಸ್ಥಿತಿಯ ಪರೀಕ್ಷೆ ನಡೆದಿಲ್ಲ.

2019ರ ಜುಲೈ 1ರಿಂದ ಹೊಸ ಕಾರುಗಳು ಮಾತಾಡುವುದನ್ನು ಕಲಿತವು. ಬೆಲ್ಟ್ ಹಾಕದಿದ್ದರೆ ಕೂಗುತ್ತವೆ. 80 ದಾಟಿದರೆ ಎಚ್ಚರಿಸುತ್ತವೆ. 120 ದಾಟಿದರೆ ಬಾಯಿ ಮುಚ್ಚುವುದಿಲ್ಲ. ಮೊದಲನೆಯ ಕೂಗಿಗೆ ನಮ್ಮವರು ಕಂಡುಕೊಂಡ ಪರಿಹಾರ ಕ್ಲಿಪ್. ಬೆಲ್ಟಿನ ನಾಲಿಗೆಯನ್ನಷ್ಟೇ ಕತ್ತರಿಸಿದಂಥ ಒಂದು ತುಂಡು. ತೂರಿಸಿದರೆ ಕಾರು ನಂಬಿ ಸುಮ್ಮನಾಗುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಇದನ್ನು ಮಾರದಂತೆ ಆದೇಶ ಮಾಡಿತು. ಅಲ್ಲಿಯವರೆಗೆ ಒಂದು ವಿಚಿತ್ರ ವ್ಯಾಪಾರ ಊರ್ಜಿತದಲ್ಲಿತ್ತು: ಲಕ್ಷಾಂತರ ರೂಪಾಯಿಗೆ ಸುರಕ್ಷತೆಯನ್ನು ಕೊಂಡು, ನೂರಾರು ರೂಪಾಯಿಗೆ ಅದರ ಬಾಯಿ ಮುಚ್ಚಿಸುವುದು. ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಕಟ್ಟಿಸುವುದೂ ಇದೇ ವರ್ಗದ್ದು. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಅದು ಕಾನೂನಿಗೆ ವಿರುದ್ಧವೆಂದು ಹೇಳಿ ತಡೆಯಲು ರಾಜ್ಯಗಳಿಗೆ ಬರೆದಿತ್ತು. ಗುದ್ದನ್ನು ತಿಂದು ಮಡಚಬೇಕಾದ ಭಾಗ ಮಡಚದಿದ್ದರೆ ಆ ಗುದ್ದು ಒಳಗಿದ್ದವರ ಪಾಲಿಗೆ ಬರುತ್ತದೆ. ಕಾರಿನ ಮೂತಿ ಉಳಿಯಿತೆಂದು ಸಮಾಧಾನಪಡಲು ಯಾರಾದರೂ ಉಳಿದಿರಬೇಕಲ್ಲ.

ನಿಂಬೆಹಣ್ಣಿನ ಪರೀಕ್ಷೆಯನ್ನೂ ಇಲ್ಲಿ ದಾಖಲಿಸಬೇಕು. ಎನ್‌ಕ್ಯಾಪ್‌ನವರು ಒಂದು ಮಾಡೆಲ್ಲಿನ ಕೆಲವು ಕಾರುಗಳನ್ನು ಮಾತ್ರ ಗುದ್ದಿಸಿ ನೋಡುತ್ತಾರೆ. ನಮ್ಮಲ್ಲಿ ಮಾರಾಟವಾದ ಪ್ರತಿ ಕಾರೂ ನಿಂಬೆಹಣ್ಣಿನ ಮೇಲೆ ಹಾಯ್ದು, ತೆಂಗಿನಕಾಯಿ, ಕರಿದಾರ, ಮೆಣಸಿನಕಾಯಿಗಳ ಸಾಕ್ಷಿಯಲ್ಲಿ ತೇರ್ಗಡೆಯಾಗುತ್ತದೆ. ವ್ಯಾಪ್ತಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಈ ಪರೀಕ್ಷೆಯಲ್ಲಿ ಇವತ್ತಿನವರೆಗೆ ಕಾರೇ ಗೆದ್ದಿದೆ. ರಾತ್ರಿ ಹಿಂದೀಪವಿಲ್ಲದೆ ನಿಂತ ಟ್ರೇಲರ್ ನಿಂಬೆಹಣ್ಣಲ್ಲವೆಂಬುದು ಮಾತ್ರ ಇದರ ಮಿತಿ.

ತೃತೀಯ ಪ್ರಕರಣ: ಮಾಲೀಕ ತೃಪ್ತಿ

ಸೂತ್ರ: ಕಂತು ಇರೋತನ ಕಾರು ಚಲೋ.

ವೃತ್ತಿ: 1968ರಲ್ಲಿ ಶುರುವಾದ ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. ಅದರ ಒಂದು ಅಧ್ಯಯನ ಮೊದಲ 90 ದಿನಗಳದ್ದು. ಈ ವಿಧಾನವನ್ನು ದೇವಾಪುರಕ್ಕೆ ತಂದರೆ ಮೊದಲ ಪ್ರಶ್ನೆಯಲ್ಲೇ ಗಾಡಿ ನಿಲ್ಲುತ್ತದೆ: ಮಾಲೀಕ ಯಾರು? ಆರ್‌ಸಿಯಲ್ಲಿ ಅಪ್ಪನ ಹೆಸರು, ಕಂತು ಕಟ್ಟುವವನು ಬೆಂಗಳೂರಿನಲ್ಲಿರುವ ಹಿರಿಮಗ, ಓಡಿಸುವವನು ಕಿರಿಮಗ, ಮದುವೆ ಸೀಜನ್ನಿನಲ್ಲಿ ಒಯ್ಯುವವನು ಮಾವ, ಡೀಸೆಲ್ ಹಾಕಿಸುವವನು ಯಾರೂ ಅಲ್ಲ. ಇವರಲ್ಲಿ ತೃಪ್ತಿ ಯಾರದೆಂದು ಅಳೆಯಬೇಕು? ಮಾವನದೇ ಹೆಚ್ಚೆಂದು ತೋರುತ್ತದೆ.

ಪೂರ್ವಪಕ್ಷ: ಕೇಳಿದವರೆಲ್ಲ ತಮ್ಮ ಕಾರು ಚಲೋ ಎನ್ನುತ್ತಾರೆ, ಆದ್ದರಿಂದ ಕಾರುಗಳೆಲ್ಲ ಚಲೋ.

ಸಿದ್ಧಾಂತ: ಕಾರು ಸರಿಯಿಲ್ಲವೆಂದು ಕ್ರಾಸಿನಲ್ಲಿ ಒಪ್ಪಿಕೊಂಡವನಿಗೆ ಸಿಗುವುದು ಸಹಾನುಭೂತಿಯಲ್ಲ, “ನಾ ಅವತ್ತs ಹೇಳಿದ್ದಿಲ್ಲೇನು?” ಎಂಬ ಮಾತು. ಹೀಗೆ ಹೇಳುವವನು ಅವತ್ತು ಹೇಳಿರಬೇಕೆಂಬ ನಿಯಮವಿಲ್ಲ. ಈ ಭಯದಿಂದ ಹುಟ್ಟಿದ ತೃಪ್ತಿ ಸಾಲದ ಕೊನೆಯ ಕಂತಿನವರೆಗೂ ಅಚಲ. ಕಂತು ತೀರಿ, ಮಾರುವ ಯೋಚನೆ ಬಂದಾಗ ಅದು ಪರಾಕಾಷ್ಠೆ ಮುಟ್ಟುತ್ತದೆ. ನಡುವೆ ಒಂದು ಗಳಿಗೆ, ಗಿರಾಕಿ ಇನ್ನೂ ಬರದಿರುವಾಗ, ಮಾಲೀಕ ನಿಜ ಹೇಳುವ ಸಂಭವವುಂಟು. ಸಮೀಕ್ಷೆ ನಡೆಸುವವರು ಆ ಗಳಿಗೆಯನ್ನೇ ಹಿಡಿಯತಕ್ಕದ್ದು.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿ ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಇಟ್ಟವನಿಗೆ ಸತ್ಯದರ್ಶನವಾಗುತ್ತದೆ, ಮೈಲೇಜ್ ಹೆಚ್ಚುವುದಿಲ್ಲ. ಬೀಗರಿಗೆ ಓದಿ ಹೇಳಿದವನು ಸಂಬಂಧ ಕಳೆದುಕೊಳ್ಳುತ್ತಾನೆ. ಮೊಮ್ಮಗನನ್ನು ತೊಡೆಯಿಂದಿಳಿಸಿ ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟಿ ಕೂರಿಸಿದ ಕಾಕಾನಿಗೆ, ಕಾರಿಗೆ ಬಂದ ಐದೂ ನಕ್ಷತ್ರ ಸಲ್ಲುತ್ತವೆ. ಪೂರ್ತಿ ಓದಿಯೂ ಕ್ಲಿಪ್ ತೆಗೆಯದವನಿಗೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 1000 ರೂಪಾಯಿ ದಂಡ; ಹಿಡಿಯುವವರು ಪೊಲೀಸರೇ ಆದರೆ ಅವನ ನಸೀಬು ಚಲೋ ಇತ್ತೆಂದು ತಿಳಿಯತಕ್ಕದ್ದು.