ದಾವಣಗೆರೆ–ಹರಿಹರ ವಾಸಯೋಗ್ಯತಾ ಮೀಮಾಂಸೆ

ಇನ್ನು ನಿವೇಶನ ಜಿಜ್ಞಾಸೆ.

ಈ ಜಿಜ್ಞಾಸೆ ಪಿಎಫ್ ದುಡ್ಡು ಕೈಗೆ ಬಂದ ಮೇಲಷ್ಟೇ ಹುಟ್ಟುವಂಥದು. ಅದಕ್ಕೂ ಮೊದಲೇ ಹುಟ್ಟಿದರೆ ಬ್ಯಾಂಕಿನವರು ಬೆಳೆಯಲು ಬಿಡುವುದಿಲ್ಲ. ಶಾಸ್ತ್ರ ಬರೆಯುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಅಧಿಕಾರಿ ಯಾರೆಂದರೆ, ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಓನರ್ ಅನುಮತಿ ಕೇಳಿ ಬೇಸತ್ತ ಗೃಹಸ್ಥ. ವಿಷಯ, ದಾವಣಗೆರೆಯೋ ಹರಿಹರವೋ ಎಂಬುದು. ಸಂಬಂಧ ಎರಡೂ ಕಡೆ ಇದೆ: ದಾವಣಗೆರೆಯಲ್ಲಿ ಬೀಗರು, ಹರಿಹರದಲ್ಲಿ ಸೋದರಮಾವ. ಇನ್ನು ಪ್ರಯೋಜನ, ಗೃಹಪ್ರವೇಶದ ದಿನ ಹೋಳಿಗೆ ಮುರಿಯುತ್ತಾ ‘ಇಷ್ಟು ದೂರ ಯಾಕ್ರೀ ತಗೊಂಡ್ರಿ’ ಎಂದು ಕೇಳುವವರಿಗೆ ಶಾಸ್ತ್ರೋಕ್ತ ಉತ್ತರ ಒದಗಿಸುವುದು.

ಪೂರ್ವಸೂರಿಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹಳೆಯ ಗೆಜೆಟಿಯರುಗಳ ಪ್ರಕಾರ, ಯಾರೂ ಕೇಳದ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಈತ ವರ್ತಕರನ್ನು ಕರೆಕರೆದು ನೆಲೆಗೊಳಿಸಿದ. ಅಂದರೆ ಈ ಊರು ಎದ್ದಿರುವುದೇ ‘ಬನ್ನಿ, ಮುಂದೆ ಡೆವಲಪ್ ಆಗುತ್ತೆ’ ಎಂಬ ಮಾತಿನ ಮೇಲೆ. ನಮ್ಮ ಕಾಲದ ಲೇಔಟ್ ಮಾಲೀಕರೆಲ್ಲ ಆ ಆದ್ಯಾಚಾರ್ಯನ ಶಿಷ್ಯಪರಂಪರೆ. ಗುರುವಿನ ಮಾತು ನಿಜವಾಯಿತು ಎಂಬುದೊಂದೇ ಅವರ ಬಂಡವಾಳ.

ಹರಿಹರದ ಕಥೆ ಬೇರೆ. ಅಲ್ಲಿ ಮೊದಲು ಬಂದು ನೆಲೆಸಿದವನೇ ದೇವರು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದೇ ಮೈಯಾಗಿ ಬಂದರು, ಬಲಕ್ಕೆ ಹರ, ಎಡಕ್ಕೆ ಹರಿ. ಆ ಮೂರ್ತಿಗೆ 1224ರ ಹೊತ್ತಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ದೇವಾಲಯ ಕಟ್ಟಿಸಿದ. ಈ ಪುರಾಣವನ್ನು ನಗರಾಡಳಿತದ ಕಣ್ಣಿನಿಂದ ಯಾರೂ ಓದಿದಂತಿಲ್ಲ. ಕಲಿಯುಗದ ಗುಹಾಸುರನೆಂದರೆ ಸೈಟಿನ ಬೆಲೆ. ದಾವಣಗೆರೆ ಮಹಾನಗರ ಪಾಲಿಕೆಯಿಂದಲೂ ಹರಿಹರ ನಗರಸಭೆಯಿಂದಲೂ ಅವನಿಗೆ ಸಾವಿಲ್ಲ. ಆದಕಾರಣ ಸರ್ಕಾರ ‘ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ’, ಜನರ ಬಾಯಲ್ಲಿ ದೂಡಾ, ಎಂಬ ಜಂಟಿ ಮೂರ್ತಿಯನ್ನು ಪ್ರತಿಷ್ಠಾಪಿಸಿತು. ಅಸುರ ಸಂಹಾರದ ಸುದ್ದಿ ಇನ್ನೂ ಬಂದಿಲ್ಲ.

ಆ ಹೆಸರಿನ ನಡುವೆ ಒಂದು ಸಣ್ಣ ಅಡ್ಡಗೆರೆ ಇದೆಯಲ್ಲ, ಅದರ ಉದ್ದ ನೆಲದ ಮೇಲೆ ಸುಮಾರು 14 ಕಿಲೋಮೀಟರ್. ಒಂದು ತುದಿಗೆ 2011ರ ಜನಗಣತಿಯ ಲೆಕ್ಕದಲ್ಲಿ ನಾಲ್ಕೂಕಾಲು ಲಕ್ಷ ದಾಟಿದ ದಾವಣಗೆರೆ, ಇನ್ನೊಂದು ತುದಿಗೆ 83 ಸಾವಿರದ ಹರಿಹರ. ದೊಡ್ಡಬಾತಿಯ ಗುಡ್ಡ ಆ ಅಡ್ಡಗೆರೆಯ ಮೇಲೆಯೇ ಕೂತು ಎರಡೂ ಕಡೆ ನೋಡುತ್ತದೆ. ಈ ಮೀಮಾಂಸೆಯ ಮುಕ್ಕಾಲು ಭಾಗ ಗೊಂದಲ ಅಲ್ಲಿಯೇ ಹುಟ್ಟುವುದು.

ಪ್ರಮಾಣ ವಿಚಾರ. ಸೈಟು ಒಳ್ಳೆಯದೆಂದು ತಿಳಿಯುವ ದಾರಿ ಆರು.

ಮೊದಲನೆಯದು ಪ್ರತ್ಯಕ್ಷ. ಕಣ್ಣಾರೆ ನೋಡುವುದು. ಇದನ್ನು ತಾರ್ಕಿಕರೆಲ್ಲ ಶ್ರೇಷ್ಠ ಎನ್ನುತ್ತಾರೆ, ಆದರೆ ಜನವರಿಯ ಸಂಜೆ ಐದೂವರೆಗೆ ಯಾವ ಸೈಟು ತಾನೇ ಚೆನ್ನಾಗಿ ಕಾಣುವುದಿಲ್ಲ?

ಎರಡನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನ್ಯಾಯಶಾಸ್ತ್ರದವರು ಊಹಿಸಿದರು. ದಾವಣಗೆರೆಯಲ್ಲಿ ಹೊಗೆ ಕಂಡರೆ ಅಲ್ಲಿ ಮಂಡಕ್ಕಿ ಭಟ್ಟಿ ಇದೆ. ಭಟ್ಟಿಗೆ ಹತ್ತಿರವಿದ್ದರೆ ಮಂಡಕ್ಕಿ ಬಿಸಿಬಿಸಿಯಾಗಿ ಸಿಗುತ್ತದೆ, ಒಣಹಾಕಿದ ಬಿಳಿ ಪಂಚೆ ಮಾತ್ರ ಬಿಳಿಯಾಗಿ ಸಿಗುವುದಿಲ್ಲ. ಹರಿಹರದಲ್ಲಿ ಹೊಗೆಗಿಂತ ವಾಸನೆಯೇ ಹೇತು. ಕುಮಾರಪಟ್ಟಣದ ‘ಹರಿಹರ ಪಾಲಿಫೈಬರ್ಸ್’ ಕಾರ್ಖಾನೆ 1970ರ ದಶಕದಿಂದ ತುಂಗಭದ್ರಾ ನದಿಯ ಆಚೆ ದಡದಲ್ಲಿದೆ, ಅಂದರೆ ಹಾವೇರಿ ಜಿಲ್ಲೆಯಲ್ಲಿ. ಹೆಸರಿನಲ್ಲಿ ಹರಿಹರ, ತೆರಿಗೆಯಲ್ಲಿ ಹಾವೇರಿ. 1980ರ ದಶಕದಲ್ಲಿ ತುಂಗಭದ್ರೆಯ ಮೀನು ಸತ್ತು ತೇಲಿದಾಗ ಹೋರಾಟ ನಡೆದದ್ದು, ಕೋರ್ಟು ಕಚೇರಿಯಾದದ್ದು ಎಲ್ಲರಿಗೂ ಗೊತ್ತು. ಗಾಳಿ ಆ ಕಡೆಯಿಂದ ಬೀಸಿದಾಗ ತಾಲ್ಲೂಕು, ಜಿಲ್ಲೆ, ಕಂದಾಯ ವಿಭಾಗ ಇಷ್ಟನ್ನೂ ದಾಟಿ ಬರುವ ವಾಸನೆಗೆ ಇಂದಿಗೂ ಯಾವ ಚೆಕ್‌ಪೋಸ್ಟೂ ಇಲ್ಲ. ಸೈಟು ನೋಡಲು ಹೋದವನು ಗಾಳಿ ಯಾವ ಕಡೆಯದು ಎಂದು ಕೇಳದೆ ಅನುಮಾನ ಮಾಡಕೂಡದು.

ಮೂರನೆಯದು ಉಪಮಾನ. ‘ಇದು ಮುಂದೆ ಎಂಸಿಸಿ ಬಿ ಬ್ಲಾಕ್ ಆಗುತ್ತೆ ಸಾರ್.’ ಉಪಮೇಯದಲ್ಲಿ ಸದ್ಯಕ್ಕೆ ಜಾಲಿಗಿಡ ಇರುತ್ತದೆ.

ಶಬ್ದ ಪ್ರಮಾಣವನ್ನು ಮಾತ್ರ ವಿಸ್ತಾರವಾಗಿಯೇ ನೋಡಬೇಕು. ಆಪ್ತವಾಕ್ಯವೇ ಶಬ್ದ, ಇಲ್ಲಿ ಆಪ್ತನೆಂದರೆ ಬ್ರೋಕರ್. ಎರಡು ಪರ್ಸೆಂಟಿನ ಆಪ್ತತೆ. ಅವನ ಭಾಷೆಗೆ ಬೇರೆಯದೇ ವ್ಯಾಕರಣವಿದೆ. ಕ್ರಿಯಾಪದಗಳೆಲ್ಲ ಭವಿಷ್ಯತ್ಕಾಲದವು: ರಸ್ತೆ ಬರುತ್ತೆ, ಸ್ಕೂಲ್ ಬರುತ್ತೆ, ರಿಂಗ್ ರೋಡ್ ಬರುತ್ತೆ. ಬೆಲೆ ಒಂದೇ ವರ್ತಮಾನಕಾಲದ್ದು. ಅವನು ದೂರವನ್ನು ಕಿಲೋಮೀಟರಿನಲ್ಲಿ ಹೇಳಿದ್ದನ್ನು ಕೇಳಿದವರಿಲ್ಲ. ‘ಐದು ನಿಮಿಷ’ ಎಂಬುದೇ ಮಾನ. ಬಾಪೂಜಿ ಆಸ್ಪತ್ರೆಗೆ ಐದು ನಿಮಿಷ, ರೈಲ್ವೆ ಸ್ಟೇಷನ್ನಿಗೆ ಐದು ನಿಮಿಷ, ತುಂಗಭದ್ರಾ ಹೊಳೆಗೂ ಐದೇ ನಿಮಿಷ. ಸಕಲ ಸ್ಥಳಗಳಿಂದಲೂ ಸಮದೂರದಲ್ಲಿರುವ ಬಿಂದು ರೇಖಾಗಣಿತದಲ್ಲಿ ಅಸಾಧ್ಯ. ಹರಿಹರ ರಸ್ತೆಯಲ್ಲಿ ಮಾತ್ರ ಅದು 30×40, 30×50 ಎರಡೂ ಅಳತೆಯಲ್ಲಿ ಸಿಗುತ್ತದೆ, ಕಾರ್ನರ್ ಬೇಕೆಂದರೆ ಸ್ವಲ್ಪ ಜಾಸ್ತಿ.

‘ಇದು ಹರಿಹರ ಅಲ್ವಾ?’ ಎಂದು ಗಿರಾಕಿ ಕೇಳುತ್ತಾನೆ.

‘ಅಲ್ಲ ಸಾರ್, ಹರಿಹರ ರೋಡು. ಊರು ದಾವಣಗೆರೆನೇ.’

ಅದೇ ಸೈಟನ್ನು ಹರಿಹರದಿಂದ ಬಂದವರಿಗೆ ತೋರಿಸುವಾಗ, ‘ದಾವಣಗೆರೆ ದೂರ ಆತು ಅನ್ಬೇಡ್ರಿ ಅಣ್ಣಾರೆ, ಹರಿಹರದ ಮಗ್ಗಲಾಗೇ ಐತಿ’ ಎನ್ನುತ್ತಾನೆ. ಇದು ಸುಳ್ಳಲ್ಲ. ಜೈನರ ಸ್ಯಾದ್ವಾದದಲ್ಲಿ ಇದಕ್ಕೆ ಸರಿಯಾದ ಜಾಗವಿದೆ.

ಐದನೆಯ ಅರ್ಥಾಪತ್ತಿಗೆ ಮೀಮಾಂಸಕರು ಕೊಡುವ ಉದಾಹರಣೆ ಪ್ರಸಿದ್ಧ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ದೇವದತ್ತ ದಾವಣಗೆರೆಯವನಾಗಿದ್ದರೆ ಈ ತರ್ಕಕ್ಕೆ ಎಡೆಯೇ ಇಲ್ಲ; ಬೆಳಗ್ಗೆ ಎಂಟಕ್ಕೇ ಬಿಳಿ ಆಲೂಗಡ್ಡೆ ಪಲ್ಯ, ಕಾಯಿಚಟ್ನಿ ಹಚ್ಚಿಕೊಂಡು ಎರಡು ಬೆಣ್ಣೆ ದೋಸೆ ಮುಗಿಸಿರುತ್ತಾನೆ, ಸಂಜೆ ಮಿರ್ಚಿ ಮಂಡಕ್ಕಿ ಇದ್ದೇ ಇದೆ. ಬೆಂಗಳೂರಿನ ಬೀದಿಬೀದಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆಯ ಬೋರ್ಡು ನೇತಾಡುತ್ತದೆ. ಹರಿಹರದ ಹೆಸರಿನಲ್ಲಿ ತಿಂಡಿ ಮಾರಿದವರಿಲ್ಲ. ಇದರಿಂದ ಹರಿಹರದವರು ತಿನ್ನುವುದಿಲ್ಲ ಎಂದು ಸಾಧಿಸಲಾಗದು. ಅವರು ದಾವಣಗೆರೆಗೆ ಬಂದು ತಿನ್ನುತ್ತಾರೆ ಎಂದಷ್ಟೇ ಸಿದ್ಧವಾಗುತ್ತದೆ.

ಆರನೆಯದು ಅನುಪಲಬ್ಧಿ, ಇಲ್ಲದ್ದನ್ನು ಇಲ್ಲ ಎಂದು ಅರಿಯುವುದು. ಲೇಔಟ್ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಪಾರ್ಕ್ ಜಾಗಕ್ಕೆ ಹೋಗಿ ನಿಂತರೆ ಈ ಪ್ರಮಾಣ ತಾನಾಗಿ ಸಿದ್ಧಿಸುತ್ತದೆ.

ಈಗ ಬಡಾವಣೆಗಳ ಮಂತ್ರಶಾಸ್ತ್ರ. ದಾವಣಗೆರೆಯಲ್ಲಿ ಬಡಾವಣೆಯ ಹೆಸರನ್ನು ಪೂರ್ತಿ ಹೇಳುವವನು ಹೊಸಬ. ಪಿ.ಜೆ., ಕೆ.ಟಿ.ಜೆ., ಎಂ.ಸಿ.ಸಿ., ಎಸ್.ಎಸ್., ಡಿ.ಸಿ.ಎಂ. ಇವೆಲ್ಲ ಬೀಜಾಕ್ಷರಗಳು. ಅರ್ಥ ಗೊತ್ತಿರಬೇಕಿಲ್ಲ, ಉಚ್ಚಾರ ಶುದ್ಧವಾಗಿದ್ದರೆ ಆಟೊ ನಿಲ್ಲುತ್ತದೆ. ಪಿ.ಜೆ. ಬಡಾವಣೆಯಲ್ಲಿ ಪ್ರಿನ್ಸ್ ಜಯಚಾಮರಾಜ ಇದ್ದಾನೆಂದು ಹೇಳಿದರೆ ಅಲ್ಲಿ ಹುಟ್ಟಿ ಬೆಳೆದವರೇ ಹುಬ್ಬು ಏರಿಸುತ್ತಾರೆ. ಅಲ್ಲಿ ಕಾಣುವುದು ನರ್ಸಿಂಗ್ ಹೋಂ, ಲ್ಯಾಬು, ಮೆಡಿಕಲ್ ಶಾಪು. ಡಿ.ಸಿ.ಎಂ. ಎಂದರೆ ದಾವಣಗೆರೆ ಕಾಟನ್ ಮಿಲ್ಸ್. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಇಂಥ ಗಿರಣಿಗಳಿಂದ. ಗಿರಣಿ ನಿಂತಿತು, ಬಿರುದು ಭಾಷಣದಲ್ಲಿ ಉಳಿಯಿತು, ಹೆಸರು ಬಸ್‌ಸ್ಟಾಪಿಗೆ ಹೋಯಿತು. ಹತ್ತಿ ಹೋದ ಜಾಗಕ್ಕೆ ಕಾಲೇಜು ಬಂತು: ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ, ಇಂಜಿನಿಯರಿಂಗ್ 1979ರಲ್ಲಿ. ಹಿಂದೆ ನೂಲು ತೆಗೆಯುತ್ತಿದ್ದ ಊರು ಈಗ ಡಾಕ್ಟರು, ಇಂಜಿನಿಯರುಗಳನ್ನು ತೆಗೆಯುತ್ತದೆ, ಮಾಲು ಈಗಲೂ ಹೊರಗೇ ಹೋಗುತ್ತದೆ.

ಹಳೇ ಪೇಟೆಯ ಕಡೆ ಮನೆ ಹುಡುಕುವವರಿಗೆ ಒಂದು ಎಚ್ಚರಿಕೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಚೌಕಿಪೇಟೆಯ ಸುತ್ತಮುತ್ತ ಮನೆಯಿದ್ದವರಿಗೆ ತಮಗೆ ಇಷ್ಟು ಜನ ನೆಂಟರಿದ್ದಾರೆಂಬ ಜ್ಞಾನೋದಯವಾಗುತ್ತದೆ. ಒಂದು ಬೆಡ್‌ರೂಮ್ ಹೆಚ್ಚು ಇಡಿ. ಅಥವಾ ಕಡಿಮೆ ಇಡಿ. ಅದು ನಿಮ್ಮ ನೆಂಟರ ಮೇಲೆ ಹೋಗುತ್ತದೆ. ರೈಲು ಹಳಿಯ ಯಾವ ಕಡೆ ಎಂಬುದನ್ನೂ ನೋಡಿಕೊಳ್ಳಿ. ಅಶೋಕ ರಸ್ತೆಯ ಗೇಟು ಬಿದ್ದಾಗ ಸ್ಕೂಟರ್ ಆಫ್ ಮಾಡಿ ನಿಂತು, ಅಲ್ಲಿಯೇ ಮದುವೆ ಮಾತುಕತೆ ಮುಗಿಸಿದ ತಲೆಮಾರುಗಳು ಈ ಊರಿನಲ್ಲಿವೆ.

ಹರಿಹರ ಹೀಗೆ ಗಡಿಬಿಡಿಯ ಊರಲ್ಲ. ಅಲ್ಲಿ ಹೊಳೆಯಿದೆ. ಸೂಳೆಕೆರೆಯಿಂದ ಬರುವ ಹರಿದ್ರಾ ಅಲ್ಲಿಯೇ ತುಂಗಭದ್ರೆಗೆ ಸೇರುತ್ತದೆ. 1868ರಲ್ಲಿ ಕಟ್ಟಿದ ಹಳೇ ಸೇತುವೆಯಿದೆ. ಒಂದು ಕಾಲಕ್ಕೆ ಅದನ್ನು ದಾಟಿದರೆ ಮೈಸೂರು ಸಂಸ್ಥಾನ ಮುಗಿದು ಮುಂಬೈ ಪ್ರಾಂತ ಶುರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಯಂತ್ರ ಮಾಡುತ್ತಿತ್ತು, ಅವು ಇಡೀ ದೇಶದ ವರ್ಕ್‌ಶಾಪುಗಳಿಗೆ ಹೋಗುತ್ತಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದೂ ಬಾಗಿಲು ಹಾಕಿತು. ಹರಿಹರದವರು ಊರಿನ ಕಥೆಯನ್ನು ‘ಕಿರ್ಲೋಸ್ಕರ್ ಇದ್ದಾಗ’, ‘ಕಿರ್ಲೋಸ್ಕರ್ ಹೋದ ಮೇಲೆ’ ಎಂದು ಎರಡು ಭಾಗ ಮಾಡಿಯೇ ಹೇಳುವುದು. ಇಲ್ಲಿ ಅಣಕು ಮಾಡಲು ಏನೂ ಇಲ್ಲ. ಕೆಲಸ ಹೋದ ಊರಿನಲ್ಲಿ ಸೈಟು ಅಗ್ಗವೆಂದು ಹಿಗ್ಗುವವನು ಯಾಕೆ ಅಗ್ಗವೆಂದೂ ತಿಳಿದಿರಬೇಕು.

ಪೂರ್ವಪಕ್ಷಿ ಎದ್ದು ನಿಂತು ಕೇಳುತ್ತಾನೆ: ದಾವಣಗೆರೆ ಸ್ಮಾರ್ಟ್ ಸಿಟಿ, 2016ರ ಮೊದಲ ಪಟ್ಟಿಯಲ್ಲೇ ಆಯ್ಕೆಯಾದದ್ದು, ಹರಿಹರ ಅಲ್ಲ. ಅಲ್ಲಿಗೆ ವಾದ ಮುಗಿಯಿತಲ್ಲ? ಮುಗಿಯಲಿಲ್ಲ. ದಾವಣಗೆರೆಯ ನಲ್ಲಿಯಲ್ಲಿ ಬರುವ ನೀರನ್ನು ತುಂಗಭದ್ರೆಯಿಂದ ಎತ್ತುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ. ಊರಿಗೆ ನೀರುಣಿಸುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೂ ನೀರು ಬರುವುದು ಹೊರಗಿನ ಭದ್ರಾ ನಾಲೆಯಿಂದ. ಬುದ್ಧಿವಂತ ನಗರಕ್ಕೆ ಬಾಯಾರಿದರೆ ನೆರೆಯೂರಿನ ಕಡೆಗೇ ಕೈ ಚಾಚಬೇಕು.

ಹಾಗಾದರೆ ಹರಿಹರವೇ ಮೇಲೇ? ಆ ಪೂರ್ವಪಕ್ಷವೂ ಬೀಳುತ್ತದೆ. ಹರಿಹರದವರು ಹೆರಿಗೆಗೆ, ಹೃದಯಕ್ಕೆ, ಮದುವೆ ಜವಳಿಗೆ, ಮಗನ ಸೀಟಿಗೆ ದಾವಣಗೆರೆ ಬಸ್ಸೇ ಹತ್ತುವುದು. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದ ಮೇಲೆ ಡಿ.ಸಿ. ಸಾಹೇಬರನ್ನು ಕಾಣಲೂ ಅದೇ ಬಸ್ಸು. ಅದಕ್ಕೂ ಮುಂಚೆ ಎರಡೂ ಊರಿನವರು ಚಿತ್ರದುರ್ಗಕ್ಕೆ ಹೋಗಿ ಸಮಾನವಾಗಿ ಕಾಯುತ್ತಿದ್ದರು. ಇನ್ನು ಹೊಳೆಯ ಸುಖವೂ ಎಲ್ಲ ಕಾಲಕ್ಕಲ್ಲ. ಮಲೆನಾಡಿನಲ್ಲಿ ಮಳೆ ಹೆಚ್ಚಾಗಿ ಮೇಲಿನ ಜಲಾಶಯಗಳ ಗೇಟು ತೆಗೆದರೆ ಹರಿಹರದ ಗಂಗಾನಗರದವರು ಪಾತ್ರೆಪಗಡ ಹೊತ್ತು ಗಂಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಕಾರಿನ ನಂಬರ್ ಪ್ಲೇಟು ನೋಡಿ ಮೇಲುಕೀಳು ನಿರ್ಣಯಿಸೋಣವೆಂದರೆ ಇಬ್ಬರದೂ ಕೆಎ 17.

ಪಾಶ್ಚಾತ್ಯ ಮತವನ್ನೂ ಖಂಡಿಸದೆ ಬಿಟ್ಟರೆ ಗ್ರಂಥಕ್ಕೆ ಗೌರವವಿಲ್ಲ. ಚಾರ್ಲ್ಸ್ ಟೀಬೂ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1956ರಲ್ಲಿ ಒಂದು ಪ್ರಬಂಧ ಬರೆದ. ಅಕ್ಕಪಕ್ಕದ ಊರುಗಳು ತೆರಿಗೆ ಇಷ್ಟು, ಸೌಲಭ್ಯ ಇಷ್ಟು ಎಂದು ತೋರಿಸುತ್ತವೆ, ಜನ ತಮಗೆ ಹೊಂದುವ ಊರಿಗೆ ಎದ್ದು ಹೋಗುತ್ತಾರೆ, ಹೀಗೆ ಕಾಲಿನಿಂದಲೇ ಓಟು ಹಾಕುತ್ತಾರೆ ಎಂಬುದು ಅವನ ವಾದ. ಅದೇ 1956ರ ನವೆಂಬರಿನಲ್ಲಿ ರಾಜ್ಯಗಳು ಒಂದಾಗಿ ಹರಿಹರದ ಹೊಳೆ ರಾಜ್ಯದ ಗಡಿಯಾಗಿರುವುದನ್ನು ಬಿಟ್ಟಿತು. ಟೀಬೂ ಅದನ್ನು ಗಮನಿಸಿದಂತಿಲ್ಲ. ಅವನ ಸಿದ್ಧಾಂತದ ಷರತ್ತುಗಳಲ್ಲಿ ಎರಡು: ಜನಕ್ಕೆ ಎಲ್ಲ ಮಾಹಿತಿ ಗೊತ್ತಿರಬೇಕು, ಕೆಲಸದ ಹಂಗಿಲ್ಲದೆ ಎಲ್ಲಿಗೆ ಬೇಕಾದರೂ ಹೋಗುವಂತಿರಬೇಕು. ಮೊದಲನೆಯದಕ್ಕೆ ನಮ್ಮಲ್ಲಿ ಬ್ರೋಕರ್ ಇದ್ದಾನೆ. ಎರಡನೆಯದಕ್ಕೆ, ಇಲ್ಲಿ ಜನ ಕಾಲಿನಿಂದ ಓಟು ಹಾಕುವುದಿಲ್ಲ, ದಿನಾ ಬೆಳಗ್ಗೆ ಬಸ್ಸು ಹತ್ತಿ ಹಾಕುತ್ತಾರೆ, ಸಂಜೆ ವಾಪಸು ಬಂದು ಅದನ್ನು ರದ್ದು ಮಾಡುತ್ತಾರೆ. ಮಲಗುವುದು ಒಂದೂರು, ದುಡಿಯುವುದು ಇನ್ನೊಂದೂರು ಎಂದಿರುವ ಇವರನ್ನು ಯಾವ ಊರಿನ ಲೆಕ್ಕಕ್ಕೆ ಹಿಡಿಯುವುದೆಂದು ಟೀಬೂ ಹೇಳಿಲ್ಲ.

ಸಿದ್ಧಾಂತ. ಮಕ್ಕಳು ಪಿಯುಸಿ ದಾಟುವವರೆಗೆ, ಮನೆಯಲ್ಲಿ ಬಿ.ಪಿ. ಶುಗರ್ ಇರುವವರೆಗೆ ದಾವಣಗೆರೆ. ಸಾಲಕ್ಕೆ ಅಂಜುವವರಿಗೆ, ಬೆಳಗ್ಗೆ ಹೊಳೆಯ ದಡದಲ್ಲಿ ನಡೆಯುವ ಆಸೆಯಿರುವವರಿಗೆ ಹರಿಹರ, ಆದರೆ ಎತ್ತರದ ಕಡೆ. ಅಡ್ಡಗೆರೆಯ ಮೇಲೆ, ಅಂದರೆ ಬಾತಿಯ ಆಸುಪಾಸಿನಲ್ಲಿ, ಬ್ರೋಕರನ ಭವಿಷ್ಯತ್ಕಾಲ ವರ್ತಮಾನವಾಗುವ ತನಕ ಕಾಯುವ ಆಯುಷ್ಯ ಉಳ್ಳವರು ಕೊಳ್ಳಬಹುದು.

ಓದುಗರಲ್ಲಿ ಒಂದು ವಿನಂತಿ. ಸೈಟು ನೋಡಲು ಆಗಸ್ಟಿನಲ್ಲಿ ಹೋಗಿ, ನೀರು ಎಲ್ಲಿ ನಿಲ್ಲುತ್ತದೆಂದು ಕಾಣುತ್ತದೆ. ಏಪ್ರಿಲಿನಲ್ಲಿ ಇನ್ನೊಮ್ಮೆ ಹೋಗಿ, ಪಕ್ಕದ ಮನೆಯ ಅಮ್ಮನವರನ್ನು ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿ. ಎರಡೂ ಸಲ ಬ್ರೋಕರನ್ನು ಕರೆದುಕೊಂಡು ಹೋಗಬೇಡಿ. ಅಡ್ವಾನ್ಸ್ ಕೊಡುವ ಮುನ್ನ ಲೇಔಟಿಗೆ ದೂಡಾ ಅನುಮೋದನೆ ಸಿಕ್ಕಿದೆಯೇ ಎಂದು ಕಚೇರಿಗೇ ಹೋಗಿ ವಿಚಾರಿಸಿ. ಸೈಟು ಹರಿಹರದ್ದಾದರೂ ಕಚೇರಿ ಇರುವುದು ದಾವಣಗೆರೆಯಲ್ಲಿ.