ಸ್ಟೆತಸ್ಕೋಪಿಗೆ ಮೈಲಿಗೆಯಿಲ್ಲ

ಮಡಿ ಮೈಲಿಗೆಯ ಕಾಲ ಮುಗಿಯಿತು ಎನ್ನುವವರು ಒಮ್ಮೆ ಐಸಿಯು ಬಾಗಿಲಲ್ಲಿ ನಿಂತು ನೋಡಬೇಕು. ‘ಏ ಅಜ್ಜಿ, ಚಪ್ಪಲಿ ಆಚೆ ಬಿಡು’ ಎಂದು ಸೆಕ್ಯುರಿಟಿಯವನು ಗದರುತ್ತಾನೆ. ಅಜ್ಜಿ ಬರಿಗಾಲಲ್ಲಿ ಮುದುಡಿ ನಿಂತಿರುವಾಗಲೇ ದೊಡ್ಡ ಡಾಕ್ಟರು ಬೂಟು ಸಮೇತ ಒಳಗೆ ಹೋಗುತ್ತಾರೆ. ಕೊರಳಲ್ಲಿರುವ ಸ್ಟೆತಸ್ಕೋಪು ಬೆಳಗಿನಿಂದ ವಾರ್ಡಿನ ಎಲ್ಲ ಎದೆಗಳನ್ನೂ ಮುಟ್ಟಿದೆ, ನಡುವೆ ಕ್ಯಾಂಟೀನಿನ ಮೇಜಿನ ಮೇಲೆ ದೋಸೆಯ ಪಕ್ಕ ಮಲಗೆದ್ದಿದೆ. ಒರೆಸಲು ಒಂದು ಚೂರು ಸ್ಪಿರಿಟ್ ಹತ್ತಿ ಸಾಕು. ಆದರೆ ಡಾಕ್ಟರ ಸ್ಟೆತಸ್ಕೋಪು ಕೊಳಕು ಎಂದು ಹೇಳುವವರು ಯಾರು?

ಬಿಪಿ ಪಟ್ಟಿಯ ಮಾತೇ ಬೇಡ, ಕೊಂಡ ದಿನದಿಂದ ಅದು ಒಗೆತ ಕಂಡಿಲ್ಲ. ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಬಲ್ಲದು. ರೋಗಿಗಳು ಡಿಸ್ಚಾರ್ಜ್ ಆಗುತ್ತಿರುತ್ತಾರೆ. ಅದು ಬಿಲ್ ಕಟ್ಟದೆ ಅಲ್ಲೇ ಇರುತ್ತದೆ.

ಇನ್‌ಸ್ಪೆಕ್ಷನ್ ಬಂತೆಂದರೆ ಮಾತ್ರ ಹಬ್ಬ. ಖಾಲಿ ಸ್ಯಾನಿಟೈಸರ್ ಬಾಟಲಿಗಳು ತುಂಬುತ್ತವೆ, ರಿಜಿಸ್ಟರಿನಲ್ಲಿ ಮೂರು ತಿಂಗಳ ಸಹಿಗಳು ಒಂದೇ ಪೆನ್ನಿನಿಂದ ಒಂದೇ ಮಧ್ಯಾಹ್ನ ಬೀಳುತ್ತವೆ. ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಕಥೆಯೂ ಅಷ್ಟೇ. ಅದರಲ್ಲಿ 121 ಡಿಗ್ರಿ ಹಬೆಯಲ್ಲಿ, 15 ಪೌಂಡ್ ಒತ್ತಡದಲ್ಲಿ, ಉಪಕರಣಗಳು ಕನಿಷ್ಠ 15 ನಿಮಿಷ ಬೇಯಬೇಕು. ಕಟ್ಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಎಲ್ಲರಿಗೂ ಸಮಾಧಾನ. ಹೊರಗೆ ಬಿಸಿ ತಗುಲಿದೆ ಎಂದಷ್ಟೇ ಆ ಗೆರೆ ಹೇಳುತ್ತದೆ. ಒಳಗಿನ ಕ್ರಿಮಿಗಳು ಸತ್ತವೋ ಇಲ್ಲವೋ ತಿಳಿಯಲು ಬ್ಯಾಕ್ಟೀರಿಯಾದ ಬೀಜಕಣ ಇಟ್ಟು ಪರೀಕ್ಷಿಸಬೇಕು. ಅದಕ್ಕೆ ದುಡ್ಡು ಬೇಕು, ಗೆರೆ ಅಗ್ಗ.

ಸೋಂಕು ಹಬ್ಬಿದರೆ ಕೊನೆಗೆ ಮೆಮೊ ಸಿಗುವುದು ನರ್ಸಮ್ಮನಿಗೆ. ಯಾವ ಐದು ಸಂದರ್ಭಗಳಲ್ಲಿ ಕೈ ತೊಳೆಯಬೇಕೆಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆಯ ಪೋಸ್ಟರು ಬೇಸಿನ್ ಮೇಲೆಯೇ ಇದೆ. ನಲ್ಲಿಯಲ್ಲಿ ನೀರಿಲ್ಲ, ಆಕೆಯ ಪಾಲಿಗೆ ವಾರ್ಡಿನ ಅರ್ಧ ಹಾಸಿಗೆಗಳಿವೆ.

ದೊಡ್ಡವರ ಕೈಗೆ ಕೊಳೆ ಅಂಟುವುದಿಲ್ಲ ಎಂಬ ನಂಬಿಕೆ ನಮ್ಮದೊಂದೇ ಸ್ವತ್ತಲ್ಲ. 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್, ಹೆಣ ಕೊಯ್ದು ಬಂದು ಹೆರಿಗೆ ಮಾಡಿಸುವ ಡಾಕ್ಟರುಗಳಿಗೆ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ಹೇಳಿದ. ಬಾಣಂತಿಯರ ಸಾವು ತಟ್ಟನೆ ಇಳಿಯಿತು, ಡಾಕ್ಟರುಗಳ ಮೂಗು ಏರಿತು.

ನಮಗೂ ಮೂಗಿದೆ. ಕೊನೆಯ ಅಸ್ತ್ರವೆಂದು ಇಟ್ಟುಕೊಂಡ ಕಾರ್ಬಪೆನೆಂ ಔಷಧಿಯನ್ನೂ ಮುರಿದುಹಾಕುವ ಬ್ಯಾಕ್ಟೀರಿಯಾದ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟರೆಂದು 2010ರಲ್ಲಿ ದೇಶವೇ ಸಿಡಿದೆದ್ದಿತು. ಹೆಸರಿಟ್ಟದ್ದು ತಪ್ಪಾಯಿತೆಂದು ಮರುವರ್ಷ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಸಂಪಾದಕರು ಕ್ಷಮೆ ಕೇಳಿದರು. ಬ್ಯಾಕ್ಟೀರಿಯಾದ ಕಡೆಯಿಂದ ಪತ್ರ ಇನ್ನೂ ಬಂದಿಲ್ಲ.