ಕಿರುಕುಳ ಮೀಮಾಂಸೆ: ಕಚೇರಿ ಕಾಂಡ

ಹಾಜರಿ ಪುಸ್ತಕಕ್ಕೂ ಅದರಲ್ಲಿ ಕೆಂಪು ಶಾಯಿಯಿಂದ ಎಳೆದ ಗೀಟಿಗೂ ನಮಿಸಿ ಈ ಪ್ರಬಂಧವನ್ನು ಆರಂಭಿಸುತ್ತೇವೆ.

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬಂತು. ಅಧಿಕಾರಿಗಳು ಬೊಕ್ಕಸದ ಹಣ ಹೊಡೆಯುವ ದಾರಿಗಳು 40 ಎಂದು ಅದರಲ್ಲಿ ಎಣಿಸಿದೆ. ಅದೇ ಅಧಿಕಾರಿಗಳು ಕೈಕೆಳಗಿನವರನ್ನು ಗೋಳುಹೊಯ್ದುಕೊಳ್ಳುವ ದಾರಿಗಳೆಷ್ಟು ಎಂಬ ಪಟ್ಟಿ ಮಾತ್ರ ಆ ಗ್ರಂಥದಲ್ಲಿಲ್ಲ. ಈ ಲೋಪ ತುಂಬಲು ಲೋಕವು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಮನಃಶಾಸ್ತ್ರಜ್ಞ ಹೈನ್ಜ್ ಲೇಮನ್ ಕುಳಿತು ಲೆಕ್ಕಹಾಕಿ 45 ಬಗೆಗಳನ್ನು ಪಟ್ಟಿಮಾಡಿದ. ಕದಿಯುವುದಕ್ಕಿಂತ ಕಾಡುವುದಕ್ಕೆ ಐದು ದಾರಿ ಹೆಚ್ಚು ಎಂಬುದು ಈ ಶಾಸ್ತ್ರದ ಮೊದಲ ಸಿದ್ಧಾಂತ.

ಲಕ್ಷಣವನ್ನೂ ಲೇಮನ್ನನೇ ಕೊಟ್ಟಿದ್ದಾನೆ: ವಾರಕ್ಕೊಮ್ಮೆಯಾದರೂ ನಡೆಯಬೇಕು, ಆರು ತಿಂಗಳಾದರೂ ಮುಂದುವರಿಯಬೇಕು. ಇದರ ಮೇಲೆ ನಮ್ಮ ಭಾಷ್ಯ: ಒಂದು ದಿನ ರೇಗಿದರೆ ಅದು ಬಿಪಿ, ಪ್ರತಿ ಸೋಮವಾರದ ರಿವ್ಯೂ ಮೀಟಿಂಗಿನಲ್ಲಿ ಒಬ್ಬನೇ ಮನುಷ್ಯನ ಮೇಲೆ ರೇಗಿದರೆ ಅದು ವಿದ್ಯೆ. ಈ ವಿದ್ಯೆಗೆ ನಿಷ್ಠೆ ಬೇಕು, ಸಮಯಪಾಲನೆ ಬೇಕು. ಟಪಾಲು ನೋಡಲು ಹದಿನೈದು ದಿನ ತೆಗೆದುಕೊಳ್ಳುವ ಸಾಹೇಬರೂ ಈ ಒಂದು ವ್ರತವನ್ನು ಮಾತ್ರ ತಪ್ಪಿಸಿದ್ದನ್ನು ಲೋಕ ಕಂಡಿಲ್ಲ.

ಸಾಧಕರಲ್ಲಿ ಶಬ್ದವಾದಿಗಳದು ಹಳೆಯ ಪಂಥ. ‘ನಿಮಗೆ ಕೆಲಸ ಕೊಟ್ಟೋರು ಯಾರ್ರೀ?’ ಎಂಬ ಪ್ರಶ್ನೆ, ಮೇಜಿನ ಆಚೆಗೆ ಹಾರುವ ಕಡತ, ಕಾರಿಡಾರಿನವರೆಗೂ ಕೇಳುವ ದನಿ ಇವರ ಸಾಮಗ್ರಿ. ಪ್ರತಿಯೊಬ್ಬರ ಜೇಬಿನಲ್ಲೂ ರೆಕಾರ್ಡಿಂಗ್ ಮಾಡುವ ಮೊಬೈಲು ಬಂದಮೇಲೆ ಈ ಪಂಥ ಕ್ಷೀಣಿಸುತ್ತಿರುವುದು ವಿಷಾದದ ಸಂಗತಿ. ಆ ಜಾಗಕ್ಕೆ ಬಂದವರು ಮೌನವಾದಿಗಳು. ಇವರು ಬೈಯುವುದಿಲ್ಲ, ಕೆಲಸ ಕೊಡುವುದಿಲ್ಲ. ಮೀಟಿಂಗಿಗೆ ಎಲ್ಲರನ್ನೂ ಕರೆದು ಒಬ್ಬನನ್ನು ಬಿಡುತ್ತಾರೆ. ಹೊಸ ವಾಟ್ಸ್ಆ್ಯಪ್ ಗ್ರೂಪು ಮಾಡಿ ಹಳೆಯದರಲ್ಲಿ ಅವನೊಬ್ಬನನ್ನೇ ಉಳಿಸುತ್ತಾರೆ. ಕುರ್ಚಿಯನ್ನು ರೆಕಾರ್ಡ್ ರೂಮಿನ ಪಕ್ಕಕ್ಕೆ ಹಾಕಿಸಿ, ‘ಅಲ್ಲಿ ನಿಮಗೆ ನೆಮ್ಮದಿ’ ಎನ್ನುತ್ತಾರೆ. ಬೈದದ್ದನ್ನು ರೆಕಾರ್ಡ್ ಮಾಡಬಹುದು. ಮಾತಾಡಿಸದೇ ಇದ್ದದ್ದನ್ನು ಯಾವ ಫೋನಿನಲ್ಲಿ ಹಿಡಿಯುವುದು?

ಇವೆರಡಕ್ಕಿಂತ ಮೇಲ್ಮಟ್ಟದ್ದು ಲೇಖನವಾದ. ಶುಕ್ರವಾರ ಸಂಜೆ ಐದೂವರೆಗೆ ಕಾರಣ ಕೇಳುವ ನೋಟಿಸು, ಉತ್ತರಕ್ಕೆ 24 ಗಂಟೆ. ಕಷ್ಟಪಟ್ಟು ಮಂಡಿಸಿದ ಕಡತದ ಮೇಲೆ ‘ಚರ್ಚಿಸಿ’ ಎಂಬ ಒಂದೇ ಪದ; ಚರ್ಚಿಸಲು ಹೋದರೆ ಸಾಹೇಬರು ಫೀಲ್ಡಿನಲ್ಲಿ; ಮೂರು ವಾರ ಕಳೆದ ಮೇಲೆ ‘ಕಡತ ವಿಳಂಬವೇಕೆ?’ ಎಂದು ಮೆಮೊ. ಖಾಸಗಿ ಕಂಪನಿಗಳಲ್ಲಿ ಇದೇ ವಿದ್ಯೆ ಟೈ ಕಟ್ಟಿಕೊಂಡು ‘ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್’ ಎಂಬ ನಾಮಾಂಕಿತ ಪಡೆದಿದೆ. ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿ, ಮೇಲಿನ ನಾಲ್ವರಿಗೆ ಪ್ರತಿ ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ‘ಇನ್ನೂ ಉತ್ತರ ಬಂದಿಲ್ಲ’ ಎಂದು ಅದೇ ನಾಲ್ವರಿಗೆ ನೆನಪೋಲೆ. ಒಂದೊಂದು ಕಾಗದವನ್ನೂ ಬಿಡಿಸಿ ನೋಡಿ: ಭಾಷೆ ಸಭ್ಯ, ನಿಯಮ ಸರಿ, ಸಹಿ ಸರಿ. ಯಾವ ಕಾಗದದಲ್ಲೂ ಕಿರುಕುಳ ಸಿಗುವುದಿಲ್ಲ. ಅದು ಇರುವುದು ಕಾಗದಗಳ ಒಟ್ಟು ದಪ್ಪದಲ್ಲಿ.

ಹೊಗಳಿಕೆಯಿಂದಲೂ ಕಾಡಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಪ್ರಮಾಣವೇ ಇದೆ. ಗಡಿ ರಸ್ತೆ ಸೇವೆಯ ಇಂಜಿನಿಯರೊಬ್ಬರ ಗೌಪ್ಯ ವರದಿಯಲ್ಲಿ ಒಂದು ವರ್ಷ ‘ಉತ್ತಮ’ ಎಂದು ಬರೆದಿತ್ತು. ಬಡ್ತಿಗೆ ಬೇಕಾಗಿದ್ದುದು ಐದೂ ವರ್ಷ ‘ಬಹಳ ಉತ್ತಮ’. ಬಡ್ತಿ ಹೋಯಿತು. ಆ ಷರಾವನ್ನು ಅವರಿಗೆ ತಿಳಿಸಿಯೂ ಇರಲಿಲ್ಲ, ಏಕೆಂದರೆ ಹೊಗಳಿಕೆಯನ್ನು ತಿಳಿಸುವ ಪದ್ಧತಿ ಇರಲಿಲ್ಲ! ವರದಿಯ ಪ್ರತಿಯೊಂದು ಷರಾವನ್ನೂ, ಒಳ್ಳೆಯದಾದರೂ ಸರಿ, ನೌಕರನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ತೀರ್ಪು ಬಂತು. ಬರೆದವರ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳಲಾರೆವು. ಆದರೆ ವ್ಯಾಜಸ್ತುತಿಯನ್ನು ಬರೀ ಅಲಂಕಾರವೆಂದು ತಿಳಿದ ಪಂಡಿತರು ಸರ್ವಿಸ್ ರಿಜಿಸ್ಟರನ್ನು ಓದಿಲ್ಲ ಎಂದಷ್ಟು ಹೇಳಬಲ್ಲೆವು.

ಈಗ ರಸವಿಚಾರ. ರಸವು ಹುಟ್ಟುವುದು ಸಹೃದಯನಲ್ಲಿ ಎಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಕಚೇರಿಯಲ್ಲಿ ಈ ಮಾತು ಅಕ್ಷರಶಃ ನಿಜ. ಸಾಹೇಬರು ಒಬ್ಬನ ಇಂಗ್ಲಿಷನ್ನೋ, ಊರನ್ನೋ, ಊಟದ ಡಬ್ಬಿಯನ್ನೋ ಗೇಲಿ ಮಾಡಿದಾಗ ಉಳಿದ ಹನ್ನೆರಡು ಜನ ನಕ್ಕರೆ ಮಾತ್ರ ಕೃತಿ ಪೂರ್ಣ. ಆ ಹನ್ನೆರಡರಲ್ಲಿ ಹತ್ತು ಜನ ನಗುವುದು ಹಾಸ್ಯರಸದಿಂದಲ್ಲ, ಭಯಾನಕರಸದಿಂದ. ಆದರೂ ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ಸಾಧಕನಿಗೆ ತೊಂದರೆಯಿಲ್ಲ. ತೊಂದರೆ ಕೊಡುವವನು ಅರಸಿಕ. ಅವನು ಎದುರಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ಸುಮ್ಮನೆ ನಗದೆ ಕುಳಿತು, ‘ಸರ್, ಮುಂದಿನ ವಿಷಯ?’ ಎಂದುಬಿಡುತ್ತಾನೆ. ಮಧ್ಯಾಹ್ನ ಬಲಿಪಶುವಿನ ಪಕ್ಕದಲ್ಲೇ ಡಬ್ಬಿ ಬಿಚ್ಚುತ್ತಾನೆ. ಇಂಥವನೊಬ್ಬನಿಂದ ವರ್ಷಗಳ ಸಾಧನೆ ಹಾಳಾಗುತ್ತದೆ.

ಈ ವಿದ್ಯೆಗೆ ಪಾತ್ರರಾಗುವುದಕ್ಕೂ ಯೋಗ್ಯತೆ ಬೇಕು. ನೋಟಿಸು ಕೊಡಬೇಕಾದರೆ ಖಾಯಂ ನೌಕರನಾಗಿರಬೇಕು. ಅವನಿಗೆ ನಿಯಮ, ವಿಚಾರಣೆ, ಮೇಲ್ಮನವಿ ಎಲ್ಲವೂ ಉಂಟು. ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿಗೆ, ಕಸ ಗುಡಿಸುವ ಹೆಂಗಸಿಗೆ, ಗೇಟಿನ ಸೆಕ್ಯುರಿಟಿಯವನಿಗೆ ಇಷ್ಟೆಲ್ಲ ಕಾಗದ ದಂಡ. ಏಜೆನ್ಸಿಗೆ ಒಂದು ಫೋನು, ‘ನಾಳೆಯಿಂದ ಬೇರೆಯವರನ್ನ ಕಳಿಸಿ’. ಸಾಹೇಬರ ಬಾಯಲ್ಲಿ ಖಾಯಂನವರಿಗೆ ಇರುವ ‘ರೀ’ ಕೂಡ ಇವರಿಗಿಲ್ಲ. ಶಾಸ್ತ್ರಕಾರರು ಈ ಭಾಗವನ್ನು ಬೇಗ ದಾಟಿಹೋಗುತ್ತಾರೆ. ಇಲ್ಲಿ ಕಲೆಯೇನೂ ಇಲ್ಲ.

ನಿವಾರಣೆಗೆ ಕಾನೂನಿದೆಯಲ್ಲ ಎಂಬುದು ಪೂರ್ವಪಕ್ಷ. ಇದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಮಹಿಳೆಯಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇವೆರಡರ ನಡುವೆ ಒಂದು ವಿಶಾಲವಾದ ಬಯಲಿದೆ. ಬರೀ ಕಾಡುವವರು ಅಲ್ಲಿ ನಿಶ್ಚಿಂತೆಯಿಂದ ವಿಹರಿಸುತ್ತಾರೆ. ಸ್ವೀಡನ್ 1993ರಲ್ಲೇ ಆ ಬಯಲಿಗೆ ಬೇಲಿ ಹಾಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೆಲಸದ ಜಾಗದ ಕಿರುಕುಳ ತಡೆಗೆ 2019ರಲ್ಲಿ 190ನೆಯ ಒಡಂಬಡಿಕೆ ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮದು ಬೇಲಿ ಹಾಕುವ ಮುನ್ನ ಚರ್ಚಿಸುವ ದೇಶ.

ಹೀಗಿರುವಾಗ ಕಚೇರಿಗಳು ಕೈಕಟ್ಟಿ ಕುಳಿತಿವೆಯೆಂದು ಯಾರೂ ಭಾವಿಸಬಾರದು. ವರ್ಷಕ್ಕೊಂದು ‘ಒತ್ತಡ ನಿರ್ವಹಣಾ ಕಾರ್ಯಾಗಾರ’ ನಡೆಯುತ್ತದೆ. ಒತ್ತಡ ಕೊಡುವವರು ದೀಪ ಬೆಳಗಿಸುತ್ತಾರೆ, ಪಡೆಯುವವರು ಕಣ್ಣು ಮುಚ್ಚಿ ಉಸಿರೆಳೆದು ಬಿಡುತ್ತಾರೆ, ಕೊನೆಗೆ ಎಲ್ಲರಿಗೂ ಖಾರಾಬಾತು, ಕೇಸರಿಬಾತು. ಗುಂಪು ಫೋಟೋದಲ್ಲಿ ಎಲ್ಲರೂ ನಗುತ್ತಿರುವುದೇ ಕಾರ್ಯಾಗಾರ ಫಲಿಸಿದ್ದಕ್ಕೆ ಸಾಕ್ಷಿ.

ಶಾಸ್ತ್ರಕ್ಕೆ ನಿಜವಾದ ಅಪಾಯ ಒಂದು ಜಾತಿಯ ಜೀವಿಯಿಂದ. ಅದನ್ನು ದಿನಚರಿಕಾರ ಎಂದು ಕರೆಯೋಣ. ಎಷ್ಟನೇ ತಾರೀಕು, ಎಷ್ಟು ಗಂಟೆ, ಯಾರ ಎದುರು, ಯಾವ ಮಾತು ಎಂದು ಇದು ಮನೆಯ ನೋಟ್ ಪುಸ್ತಕದಲ್ಲಿ ಬರೆದಿಡುತ್ತದೆ. ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಸಂಜೆಯೊಳಗೆ ‘ತಾವು ಇಂದು ಮೌಖಿಕವಾಗಿ ಸೂಚಿಸಿದಂತೆ’ ಎಂದು ಮೇಲ್ ಮಾಡಿ ಮರಳಿಸುತ್ತದೆ. ಮೌಖಿಕ ಆದೇಶ ಕೊಡಲೇಬೇಕಾಗಿ ಬಂದರೆ ಕೂಡಲೇ ಬರಹದಲ್ಲಿ ದೃಢಪಡಿಸಬೇಕು ಎಂದು ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲೇ ಇದೆಯಂತೆ ಎಂದು ವಿನಯದಿಂದ ನೆನಪಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇದು ಒಂದೊಂದು ಕಾಗದವನ್ನು ಬಿಡಿಯಾಗಿ ತೋರಿಸುವುದಿಲ್ಲ, ಎಲ್ಲವನ್ನೂ ದಾರದಲ್ಲಿ ಪೋಣಿಸಿ ತೋರಿಸುತ್ತದೆ. ಆಗ ದಪ್ಪ ಕಾಣಿಸುತ್ತದೆ. ದಿನಚರಿಕಾರನೂ ಅರಸಿಕನೂ ಒಂದೇ ವಿಭಾಗದಲ್ಲಿ ಸೇರಿದರೆ ಸಾಧಕರು ವರ್ಗಾವಣೆ ಕೋರುವುದು ಲೇಸು.

ಓದುಗರಲ್ಲಿ ಒಂದೇ ವಿನಂತಿ: ಈ ಪ್ರಬಂಧವನ್ನು ಕಚೇರಿಯ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಅಲ್ಲಿ ಅಡ್ಮಿನ್ ಯಾರೆಂದು ನಿಮಗೆ ಗೊತ್ತಿದೆ.